ರತ್ನ ತಂದ ಮೊಳಕೆಕಾಳು

ತಟ್ಟೆ ಕೈಯಲ್ಲಿತ್ತು, ಮೊದಲ ತುತ್ತು ಇನ್ನೇನು ಬಾಯಿಗೆ ಹೋಗಬೇಕು. ಅಷ್ಟರಲ್ಲಿ ನನ್ನ ಗೆಳತಿ ರತ್ನಳ ಅಜ್ಜಿ ಕ್ಲಾಸಿನೊಳಗೆ ನುಗ್ಗಿ ನನ್ನ ಕೈಗೆ ಹೊಡೆದರು...

ಕಾಳೆಲ್ಲ ನೆಲದ ಪಾಲು. ಅಷ್ಟಕ್ಕೇ ಬಿಡದೆ, ಪಕ್ಕದಲ್ಲಿದ್ದ ದೊಡ್ಡ ಪಾತ್ರೆಯನ್ನೂ ಕಾಲಿನಿಂದ ಒದ್ದರು.

ನಾನು ಹೊಟ್ಟೆಬಾಕಿ, ಮೊದಲು ಬಂದಿದ್ದು ಸಿಟ್ಟು. ಆಮೇಲೆ ಭಯ. ಒಂದು ಅಗುಳು ಬಿದ್ದರೂ ಎತ್ತಿ ಕಣ್ಣಿಗೊತ್ತಿಕೊಳ್ಳುವ ಅಜ್ಜಿ ತಿನ್ನುವ ಪದಾರ್ಥಕ್ಕೆ ಕಾಲು ತಾಗಿಸುವುದು ಅಂದರೇನು?

ಎಂಬತ್ತರ ದಶಕದ ಶುರು. ಸಿ.ಎಸ್. ಪುರದ ಹತ್ತಿರ ನಮ್ಮೂರ ಶಾಲೆ, ನಾನು ಐದನೇ ಕ್ಲಾಸು.

ತುಮಕೂರಿನಿಂದ ಹೊಸದಾಗಿ ಬಂದಿದ್ದ ಸುಜಾತ ಮಿಸ್‌ಗೆ ನಮ್ಮ ಆರೋಗ್ಯದ್ದೇ ಹುಚ್ಚು. ಉಗುರು ನೋಡುವರು, ಕುದಿಸಿ ಆರಿಸಿದ ನೀರು ಕುಡಿಸುವರು. ಶನಿವಾರ ಬೆಳಗಿನ ಸ್ಕೂಲಿನಲ್ಲಿ ಡ್ರಿಲ್ ಮುಗಿದ ಮೇಲೆ ಮೊಳಕೆ ಬಂದ ಹೆಸರುಕಾಳಿಗೆ ಬೆಲ್ಲ, ಕಾಯಿತುರಿ ಬೆರೆಸಿ ಹಂಚುವರು.

ವಾರಕ್ಕೊಬ್ಬರು ಮನೆಯಲ್ಲಿ ಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ತರಬೇಕು. ಹಿಂದಿನ ವಾರ ನನ್ನ ಸರದಿ. ಅಂಗಡಿಯ ಹಳೇ ಕಾಳು, ಅರ್ಧ ಮೊಳೆತಿತ್ತು, ಅರ್ಧ ಕಲ್ಲು. ಹುಡುಗರು ಹಲ್ಲು ಮುರಿಯಿತು ಅಂತ ನಕ್ಕಿದ್ದೇ ನಕ್ಕಿದ್ದು.

ಈ ವಾರ ರತ್ನಳದು. ಗಂಟು ಬಿಚ್ಚಿದರೆ ಒಂದೊಂದು ಕಾಳಿಗೂ ಬೆಳ್ಳಗೆ ಉದ್ದ ಬಾಲ! ಮಿಸ್ ಅವಳ ಬೆನ್ನು ತಟ್ಟಿದರು. ನನಗೆ ಹೊಟ್ಟೆಯುರಿ, ಸುಳ್ಳು ಯಾಕೆ ಹೇಳಲಿ...

ಅಜ್ಜಿಗೆ ಉಸಿರು ಸಿಕ್ಕಿದ ಮೇಲೆ ಗೊತ್ತಾಗಿದ್ದು ಇಷ್ಟು. ಅಟ್ಟದ ಮೇಲಿನ ಗಡಿಗೆಯ ಬಾಯಿ ತೆರೆದಿದ್ದು ಕಂಡು ಓಡಿ ಬಂದಿದ್ದರು.

"ಅದು ಬಿತ್ನೆ ಕಾಳು ಕಣವ್ವ. ಹುಳ ಬೀಳ್ದಂಗೆ ಔಸ್ದಿ ಪುಡಿ ಕಲ್ಸಿಟ್ಟಿದ್ದೆ. ತಿಂದ್ರೆ ಮಕ್ಕಳು ಉಳಿಯಕಿಲ್ಲ."

ಮಿಸ್ ಮುಖದಲ್ಲಿ ರಕ್ತವೇ ಇಲ್ಲ. ಒಬ್ಬೊಬ್ಬರ ಬಾಯಿ ತೆರೆಸಿ ನೋಡುತ್ತಿದ್ದಾರೆ. ಪುಣ್ಯಕ್ಕೆ ಎಲ್ಲರಿಗಿಂತ ಆತುರಗೇಡಿ ನಾನೇ, ನನ್ನ ತುತ್ತೇ ಒಳಗೆ ಹೋಗಿರಲಿಲ್ಲ.

ಆಗ ರತ್ನ ಮೆಲ್ಲಗೆ ಹೇಳಿದಳು.

"ನಾನು ಬರ್ತಾ ದಾರೀಲಿ ಒಂದಿಡಿ ತಿಂದೆ ಮಿಸ್."

ಡ್ರಿಲ್ ಮಾಡುವಾಗಲೇ ತಲೆ ಸುತ್ತುತ್ತೆ ಅಂದಿದ್ದಳು, ಬಿಸಿಲಿಗೆ ಅಂದುಕೊಂಡಿದ್ದೆವು. ನೋಡನೋಡುತ್ತಲೇ ಕೈಕಾಲು ಸೆಟೆದು ಬಿದ್ದಳು. ನನ್ನ ಪಕ್ಕದಲ್ಲಿ ದಿನಾ ಕೂರುವ ಹುಡುಗಿ, ಕಣ್ಣು ಬೆಳ್ಳಗೆ...

ಗುಬ್ಬಿಗೆ ಹೊರಟಿದ್ದ ತೆಂಗಿನಕಾಯಿ ಲಾರಿಯನ್ನು ಹೆಡ್‌ಮಾಸ್ಟರು ಅಡ್ಡ ನಿಂತು ನಿಲ್ಲಿಸಿದರು. ಕಾಯಿ ರಾಶಿಯ ಮೇಲೆ ಮಿಸ್, ಅವರ ತೊಡೆಯ ಮೇಲೆ ರತ್ನ, ಪಕ್ಕದಲ್ಲಿ ಅಜ್ಜಿ. ಅವತ್ತು ಮನೆಯಲ್ಲಿ ನನಗೆ ತುತ್ತು ಇಳಿಯಲಿಲ್ಲ, ಮಾರನೇ ದಿನವೂ ಇಲ್ಲ.

ಬದುಕಿದಳು.

ಅಮ್ಮನ ಜೊತೆ ಗುಬ್ಬಿ ಆಸ್ಪತ್ರೆಗೆ ನೋಡಲು ಹೋದೆ. ಮಿಸ್ ಮನೆಗೂ ಹೋಗದೆ ಅಲ್ಲೇ ಮಂಚದ ಪಕ್ಕ ಕೂತಿದ್ದರು. ಮನೆಯಲ್ಲಿ ಅಡುಗೆಗೆ ಬೇರೆ ಕಾಳು ಇತ್ತಲ್ಲ, ಅದನ್ನೇ ಯಾಕೆ ತೆಗೆದೆ ಅಂತ ಅಮ್ಮ ಕೇಳಿದರು. ರತ್ನ ನಮ್ಮನ್ನೇ ಪೆದ್ದರ ಹಾಗೆ ನೋಡಿದಳು.

"ಚೆನ್ನಾಗಿ ಮೊಳೆಯೋ ಕಾಳು ತನ್ನಿ ಅಂತ ಮಿಸ್ಸೇ ಹೇಳಿದ್ರು. ಬಿತ್ನೆ ಕಾಳಿಗಿಂತ ಚೆನ್ನಾಗಿ ಮೊಳೆಯೋದು ಬೇರೆ ಯಾವ್ದೈತೆ?"

ಮಿಸ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಈಗ ಮರಳೂರಿನಲ್ಲಿ ಮೊಮ್ಮಗನ ಸ್ಕೂಲಿನವರು ಹೆಲ್ದಿ ಟಿಫನ್ ಬಗ್ಗೆ ಮೆಸೇಜು ಕಳಿಸಿದಾಗಲೆಲ್ಲ ನನ್ನ ಎದೆ ಧಸಕ್ ಅನ್ನುತ್ತೆ.

ಇಡೀ ಕ್ಲಾಸಿನಲ್ಲಿ ಮಿಸ್ ಮಾತನ್ನು ಸರಿಯಾಗಿ ಕೇಳಿಸಿಕೊಂಡವಳು ಅವಳೊಬ್ಬಳೇ, ಸಾವಿನ ಬಾಗಿಲು ತಟ್ಟಿ ಬಂದವಳೂ ಅವಳೇ... ಯಾರನ್ನು ಬೈಯಲಿ, ನೀವೇ ಹೇಳಿ?