ಲಾಡ್ಜಿನಲ್ಲಿ ಬಾಗಿಲು ಬಡಿಯುವ ಪದ್ಧತಿ

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬೆಳಗಾವಿಯ ನಮ್ಮ ಓಣಿಯಲ್ಲಿ ಅಪೂರ್ವವಾದ ಐಕ್ಯವೊಂದು ಮೂಡಿತು. ಅಂಗಡಿಯ ಬೋರ್ಡು ಕನ್ನಡದಲ್ಲಿರಬೇಕೋ ಮರಾಠಿಯಲ್ಲೋ ಎಂದು ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದಿದ್ದ ಗೃಹಸ್ಥರು ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಅವರನ್ನು ಕೂಡಿಸಿದ ಪುಣ್ಯ ನಮ್ಮದು. ಮೂಲೆಯಲ್ಲಿ ಮುಚ್ಚಿಹೋಗಿದ್ದ ಲಾಡ್ಜನ್ನು ನಾವು ಕೆಲವು ಗೆಳೆಯರು ಕೇಳಿ ಪಡೆದು, ರೈಲ್ವೆ ಸ್ಟೇಷನ್ನಿನ ಹೊರಗೆ ಮಲಗುವವರಿಗೆ ಮನೆ ಮಾಡಿಕೊಡಲು ಹೊರಟಿದ್ದೆವು.

ನಮ್ಮನ್ನು ವಿರೋಧಿಸಲು ಒಂದಾದ ಓಣಿಯ ಮುಖಂಡರು ಒಬ್ಬ ನಿವೃತ್ತ ಮಾಮಲೇದಾರರು, ಅಂದರೆ ತಹಶೀಲ್ದಾರರು. ಅಂಥ ಮಂದಿ ಸೂರಿನ ಕೆಳಗೆ ನಿಲ್ಲುವುದಿಲ್ಲ, ಅವರಿಗೆ ಬಯಲೇ ಹಿತ ಎಂದು ಅವರ ತೀರ್ಪು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಗಾದಿ ಹಾಸಿಕೊಂಡು ಮಲಗಿದ್ದೇ ಬಯಲಿನ ಬಗೆಗಿನ ಅವರ ಅನುಭವ. ಅವರ ಮಾತು ಕೇಳಿ ಲಾಡ್ಜಿನ ಮಾಲಕರು ನಮಗೊಂದು ಷರತ್ತು ಹಾಕಿದರು: ಎಲ್ಲ ಕೋಣೆಗಳೂ ಖಾಲಿ ಬಿದ್ದ ದಿನ ಕಟ್ಟಡ ವಾಪಸು.

ಗೋಡೆಯ ಕನ್ನಡಿಗಳ ಹಾಗೆ ಹಳೆಯ ಮ್ಯಾನೇಜರರೂ ಕಟ್ಟಡದ ಜೊತೆಗೇ ನಮ್ಮ ಪಾಲಿಗೆ ಬಂದರು. ಮಂದಿಯೂ ಬಂದರು. ಸ್ನಾನ ಮಾಡಿದರು, ಉಂಡರು, ಮಲಗಿದರು. ಮರುದಿನ ಗಂಟು ಕಟ್ಟಿಕೊಂಡು ಸ್ಟೇಷನ್ನಿಗೆ ಮರಳಿದರು. ಹೊಸಬರನ್ನು ಕರೆತಂದೆವು, ಅವರೂ ಹೋದರು. ಮಾಮಲೇದಾರರು ದಿನೇ ದಿನೇ ಹೆಚ್ಚು ಪ್ರೀತಿಯಿಂದ ನಮ್ಮ ಕ್ಷೇಮ ವಿಚಾರಿಸತೊಡಗಿದರು.

ಕೊನೆಗೆ ಉಳಿದವಳು ಒಬ್ಬಳೇ ಮುದುಕಿ. ಖಾನಾಪುರದ ಹಂಚಿನ ಕಾರಖಾನೆಯಲ್ಲಿ ಹಂಚು ಹೊತ್ತವಳು; ಗಂಡ ಸತ್ತ ಮೇಲೆ ಮೈದುನಂದಿರು ಹೊರಗೆ ಹಾಕಿದ್ದರು. ಅವಳು ಬಂದ ಮರುದಿನ ಬೆಳಿಗ್ಗೆಯೇ, ಅವಳೂ ಹೋಗುವಳೆಂದು ನಂಬಿ, ಮಾಲಕರು, ಮಾಮಲೇದಾರರು ಕಟ್ಟಡದ ಸ್ವಾಧೀನಕ್ಕೆ ದಯಮಾಡಿಸಿದರು. ನಾವೂ ಓಡಿದೆವು.

ಮೇಲೆ ಹೋದರೆ, ಮ್ಯಾನೇಜರು ಅವಳ ಬಾಗಿಲನ್ನು ದಬದಬನೆ ಬಡಿಯುತ್ತಿದ್ದಾರೆ.

"ಟೈಮ್ ಆತು. ಖಾಲಿ ಮಾಡ್ರಿ."

ಇದೇನೆಂದು ಕೇಳಿದೆ. ಲಾಡ್ಜಿನ ಪದ್ಧತಿ ಎಂದರು. ಒಂದು ದಿನ ತುಂಬಿದ ಕೂಡಲೇ ಗಿರಾಕಿಯ ಬಾಗಿಲು ಬಡಿಯುವುದು, ತಾವು ಕೆಲಸಕ್ಕೆ ಸೇರಿದಾಗಿನಿಂದ ನಡೆದು ಬಂದದ್ದು.

"ಬಾಡಿಗಿ ತಗೋಬ್ಯಾಡ ಅಂದ್ರಿ, ಬಿಟ್ಟೆ. ಬಾಗಲಾ ಬಡೀಬ್ಯಾಡ ಅಂತ ನೀವೇನೂ ಅಂದಿಲ್ಲಲ್ರೀ."

ಪೊಲೀಸರ ಲಾಠಿಯ ಸದ್ದಿಗೆ ಎದ್ದು ಎದ್ದು ರೂಢಿಯಾದ ಜನ, ಯಾಕೆ ಎಂದು ಕೇಳದೆ ಗಂಟು ಕಟ್ಟಿದ್ದರು. ನಾವು ಕೃತಘ್ನರೆಂದು ಬೈದದ್ದು ಅವರನ್ನೇ.

ಆದರೆ ಈ ಬಾಗಿಲು ತೆರೆಯಲಿಲ್ಲ. ಒಳಗಿನ ಚಿಲಕ ಬಿದ್ದಿತ್ತು. ಮಾಮಲೇದಾರರು ಗಂಟಲು ಸರಿಮಾಡಿಕೊಂಡು ತಾವೇ ಮುಂದಾದರು.

"ಏ ಮುದುಕಿ, ಬಾಗಲಾ ತಗಿ."

"ಯಾಕ?"

"ರೂಮು ಖಾಲಿ ಐತೋ ಇಲ್ಲೋ ಮಾಲಕರು ನೋಡಬೇಕಂತ."

"ಖಾಲಿ ಇಲ್ಲ," ಎಂದಿತು ಒಳಗಿನ ದನಿ. "ನಾ ಅದೀನಿ."

ಮಾಲಕರು ಮಾಮಲೇದಾರರನ್ನು ನೋಡಿದರು. ಮಾಮಲೇದಾರರು ಚಿಲಕವನ್ನು ಇಂಗ್ಲಿಷಿನಲ್ಲಿ ಬೈದರು. ಷರತ್ತು ಅವರದೇ, ಮೆಟ್ಟಿಲಿಳಿಯುವುದೊಂದೇ ಬಾಕಿ ಇತ್ತು.

ಅಂದಿನಿಂದ ಮ್ಯಾನೇಜರರಿಗೆ ಬಾಗಿಲು ಮುಟ್ಟುವ ಅಧಿಕಾರ ತಪ್ಪಿತು. ಹೋದವರಲ್ಲಿ ಕೆಲವರನ್ನು ಸ್ಟೇಷನ್ನಿನಿಂದ ಮತ್ತೆ ಕರೆತಂದೆವು, ಅವರು ನಿಂತರು. ಓಣಿಯವರು ಮಾತ್ರ ಕೊನೆಯವರೆಗೂ ನಮ್ಮ ಜೊತೆ ಮತ್ತೆ ಮಾತಾಡಲಿಲ್ಲ, ಅದೊಂದು ಉಪಕಾರ.

ಆ ದಿನ ಸಂಜೆಯೇ ಕೃತಜ್ಞತೆ ಸಲ್ಲಿಸಲು ನಾವು ಚಹಾ ಹಿಡಿದು ಮುದುಕಿಯ ಕೋಣೆಗೆ ಹೋದೆವು. ಬಾಗಿಲು ಒಂದು ಕಪ್ಪು-ಬಸಿ ಹಿಡಿಸುವಷ್ಟೇ ತೆರೆಯಿತು. ಒಂದು ಕೈ ಚಹಾ ಒಳಗೆ ತೆಗೆದುಕೊಂಡಿತು.

"ನೀವೂ ಖಾಲಿ ಮಾಡಸಾಕ ಬಂದೀರೇನು?"

ಉತ್ತರ ಹೇಳುವ ಮೊದಲೇ ಚಿಲಕ ಬಿತ್ತು.