ಚೀಲಕ್ಕೆ ಹನ್ನೆರಡೇ ಮೀನು

ನಮ್ಮ ಬಣ್ಣದ ಮೀನಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಮೀನು ಪ್ಯಾಕ್ ಮಾಡುವ ಅಕ್ಕನಿಗೆ ನಾನಿಟ್ಟ ಹೆಸರು ಉಪವಾಸದಕ್ಕ. ಅವಳೇನೋ ಹೊತ್ತು ಹೊತ್ತಿಗೆ ಸರಿಯಾಗಿ ಉಣ್ಣುವವಳೇ, ಉಪವಾಸ ಮೀನುಗಳಿಗೆ. ದಾರಿಯಲ್ಲಿ ಚೀಲದ ನೀರು ಹೊಲಸಾಗಬಾರದೆಂದು, ದೂರ ಹೊರಡುವ ಮೀನಿಗೆ ಎರಡು ದಿನ ಮೊದಲೇ ಮೇವು ನಿಲ್ಲಿಸುತ್ತಾಳೆ. ಆಮೇಲೆ ಚೀಲಕ್ಕೆ ಒಂದು ಪಾಲು ನೀರು, ಎರಡು ಪಾಲು ಆಕ್ಸಿಜನ್, ಬಾಯಿಗೆ ಬಿಗಿಯಾಗಿ ರಬ್ಬರ್ ಬ್ಯಾಂಡ್. ಕಟ್ಟಿದ ಚೀಲಗಳೆಲ್ಲ ಪೆಟ್ಟಿಗೆಗೆ.

ಕಳೆದ ವರ್ಷ ಊರಿನ ವ್ಯಾಪಾರ ಅರ್ಧಕ್ಕಿಳಿದಿತ್ತು. ಆಗ ಆರು ಸಾವಿರ ಕಿಲೋಮೀಟರ್ ಆಚೆಯ ನಗರದ ವ್ಯಾಪಾರಿಯೊಬ್ಬ ಗೋಲ್ಡ್‌ಫಿಶ್ ಕೇಳಿದ. ಮೊದಲ ಸರಕು ಜೀವಂತ ತಲುಪಿದರೆ ತಿಂಗಳು ತಿಂಗಳೂ ಆರ್ಡರ್, ಇಲ್ಲದಿದ್ದರೆ ನಮಸ್ಕಾರ. ಅವನು ನಮಸ್ಕಾರ ಅಂದರೆ ನಾನು ಹಿಂದಿನ ತೊಟ್ಟಿಗಳನ್ನೆಲ್ಲ ಬರಿದು ಮಾಡಿ, ಅಕ್ಕನನ್ನೂ ಮನೆಗೆ ಕಳಿಸಬೇಕಿತ್ತು.

ನಾನು ಲೆಕ್ಕದಲ್ಲಿ ಚುರುಕು. ವಿಮಾನ ಹಾರುವುದು ಎಂಟು ಗಂಟೆ; ಚೀಲಕ್ಕೆ ಇಪ್ಪತ್ತು ಮೀನು ಹಾಕು ಎಂದೆ. ಅವಳು ಹನ್ನೆರಡು ಹಾಕಿದಳು.

"ಏನಕ್ಕ, ಬಾಡಿಗೆ ಕೊಟ್ಟು ಗಾಳಿ ಕಳಿಸ್ತೀಯಾ?"

"ಗಾಳಿನೇ ಕಳಿಸೋದು, ಯಜಮಾನ್ರೇ. ಮೀನು ಅದರ ಜೊತೆ ಹೋಗುತ್ತೆ."

"ಎಂಟೇ ಗಂಟೆ ಅಲ್ವಾ!"

"ಅದು ವಿಮಾನದ ಲೆಕ್ಕ. ಮಗಳ ಹೆರಿಗೆಗೆ ಹೋದಾಗ ನನ್ನ ಟಿಕೆಟ್‌ನಲ್ಲೂ ನಾಲ್ಕು ಗಂಟೆ ಅಂತಿತ್ತು. ಬೆಳಿಗ್ಗೆ ಮನೆ ಬಿಟ್ಟೋಳು ಮಗು ಮುಖ ನೋಡಿದ್ದು ಮಾರನೇ ದಿನ. ಚೀಲ ಕಟ್ಟಿದಾಗಿಂದ ಬಿಚ್ಚೋ ತನಕ ಎಷ್ಟು ಹೊತ್ತು, ಅದನ್ನ ಹೇಳಿ."

ಸರಿ, ನಿನ್ನಿಷ್ಟ ಎಂದೆ. ಆದರೆ ಹಳೇ ಬುದ್ಧಿ ಬಿಡಬೇಕಲ್ಲ. ಅವಳು ಊಟಕ್ಕೆದ್ದಾಗ ಉಳಿದ ಮೀನನ್ನೆಲ್ಲ ಚೀಲಕ್ಕೆ ಇಪ್ಪತ್ತರಂತೆ ನಾನೇ ತುಂಬಿ, ಎರಡು ಪೆಟ್ಟಿಗೆಯಲ್ಲಿ ಮುಗಿಸಿಬಿಟ್ಟೆ. ಬಂದವಳು ಪೆಟ್ಟಿಗೆಗಳನ್ನೊಮ್ಮೆ, ನನ್ನ ಒದ್ದೆ ತೋಳನ್ನೊಮ್ಮೆ ನೋಡಿದಳು. ಅಷ್ಟರಲ್ಲಿ ವ್ಯಾನ್ ಬಾಗಿಲಿಗೆ ಬಂದಿತ್ತು.

ವಿಮಾನ ಹೇಳಿದ ಹೊತ್ತಿಗೇ ಇಳಿಯಿತು. ನಾನು ಮೀಸೆ ತಿರುವಿದೆ.

"ಇಳಿದಿದ್ದು ವಿಮಾನ," ಎಂದಳು ಅಕ್ಕ, ತೊಟ್ಟಿ ಉಜ್ಜುತ್ತ. "ಮೀನು ಇಳೀತಾ ಕೇಳಿ."

ಕೇಳಿದೆ. ಅಲ್ಲಿ ಒಂದು ಕಾಗದಕ್ಕೆ ಮೊಹರಿಲ್ಲ. ಮೊಹರು ಹಾಕುವವನು ರಜೆ. ಪೆಟ್ಟಿಗೆಗಳು ಗೋದಾಮಿನಲ್ಲಿ ಕೂತವು. ಬಿಡಿಸಿಕೊಳ್ಳುವ ಹೊತ್ತಿಗೆ, ನಾವು ಚೀಲ ಕಟ್ಟಿ ಮೂವತ್ತೊಂದು ಗಂಟೆ. ಅಷ್ಟು ಹೊತ್ತೂ ನಾನು ಊಟದ ತಟ್ಟೆ ಮುಟ್ಟಲಿಲ್ಲ. ಮೀನಿನ ಜೊತೆ ನನ್ನದೂ ಉಪವಾಸ.

ಕೊನೆಗೆ ಆ ವ್ಯಾಪಾರಿಯ ಫೋನ್ ಬಂತು. "ಎಲ್ಲಾ ಜೀವಂತ ಕಣ್ರೀ, ಎರಡು ಪೆಟ್ಟಿಗೆ ಬಿಟ್ಟು. ಆ ಎರಡನ್ನ ಕಟ್ಟಿದ ಪುಣ್ಯಾತ್ಮ ಯಾರು?"

ಎದುರಿಗೇ ಅಕ್ಕ. ನಾಲಿಗೆ ತುದಿಗೆ ಬಂದಿದ್ದ ಸುಳ್ಳು, ಹಾಳಾದ್ದು, ಅಲ್ಲೇ ಅಂಟಿಕೊಂಡಿತು.

"ನಾನೇ ಸ್ವಾಮಿ."

"ಇನ್ಮುಂದೆ ನೀವು ಕೈ ಹಾಕಬೇಡಿ. ಮಿಕ್ಕಿದ್ದನ್ನ ಕಟ್ಟಿದ ಕೈನೇ ಕಟ್ಟಬೇಕು. ತಿಂಗಳಿಗೆ ಹದಿನಾಲ್ಕು ಪೆಟ್ಟಿಗೆ ಕಳಿಸಿ."

ಫೋನ್ ಇಟ್ಟು ಅಕ್ಕನಿಗೆ ಕೈಮುಗಿದೆ. ಹದಿನೆಂಟು ವರ್ಷದಲ್ಲಿ ಅದೇ ಮೊದಲು.

"ಏನ್ ಯಜಮಾನ್ರೇ, ಮೈ ಹುಷಾರಿಲ್ವಾ?"

ನನ್ನ ಹಿಂದಿನ ತೊಟ್ಟಿಗಳು ಇಂದಿಗೂ ತುಂಬಿವೆ. ನಮ್ಮಿಬ್ಬರ ಮನೆಯ ಒಲೆ ಉರಿಯುತ್ತಿರುವುದು, ನಾನು ದಂಡ ಎಂದುಕೊಂಡ ಆ ಗಾಳಿಯಿಂದ.

ಮುಂದಿನ ಸರಕಿನ ದಿನ ನಾನು ಅಂಗಿ ತೋಳು ಮಡಚಿದ್ದೇ ತಡ, ಅಕ್ಕ ಮಾರ್ಕರ್ ಪೆನ್ ತಂದು ಕೈಗಿಟ್ಟಳು. "ನೀವು ಪೆಟ್ಟಿಗೆ ಮೇಲೆ ವಿಳಾಸ ಬರೀರಿ. ಅಕ್ಷರ ಚೆನ್ನಾಗಿದೆ."

ಇವತ್ತಿಗೂ ಬರೆಯುತ್ತಿದ್ದೇನೆ.