ಖಂಡದ ಬುರುಜಿನ ಆಂಡ್ರೆಯಾಸ್

ಹೋಲ್ಡರ್‌ಬಾಖಿನ ಚರ್ಚಿಗೆ ಸುತ್ತಲೂ ಕೋಟೆಗೋಡೆ, ಗೋಡೆಗೆ ನಾಲ್ಕು ಬುರುಜು. ಮೂರರಲ್ಲಿ ಪಾರಿವಾಳ ಬಿಟ್ಟರೆ ಇನ್ನೇನೂ ಇರಲಿಲ್ಲ. ನಾಲ್ಕನೆಯದರಲ್ಲಿ ಇಡೀ ಊರಿನ ಹಂದಿಖಂಡ ತೂಗುತ್ತಿತ್ತು. ತುರ್ಕರು ದಂಡೆತ್ತಿ ಬರುತ್ತಿದ್ದ ಕಾಲದಲ್ಲಿ ರೈತರು ದವಸವನ್ನೂ ಉಪ್ಪು ಸವರಿ ಹೊಗೆಗಿಟ್ಟ ಖಂಡವನ್ನೂ ಚರ್ಚಿನೊಳಗೆ ತಂದಿಟ್ಟಿದ್ದರು. ತುರ್ಕರು ಹೋಗಿ ಇನ್ನೂರು ವರ್ಷವಾದರೂ ಅದನ್ನು ಮನೆಗೆ ಒಯ್ಯಬಹುದೆಂದು ಯಾವ ಪುಣ್ಯಾತ್ಮನಿಗೂ ತೋಚಲಿಲ್ಲ. ನೂರಾರು ವರ್ಷದ ಹಿಂದೆ ಈ ಪರನಾಡಿಗೆ ಬಂದು ನೆಲೆಸಿದ ಜರ್ಮನರು, ಆ ಊರಿನ ಸ್ಯಾಕ್ಸನ್ ರೈತರೇ ಹಾಗೆ. ಅಜ್ಜ ಹೊಡೆದ ಮೊಳೆಗೇ ಮೊಮ್ಮಗನೂ ಟೋಪಿ ನೇತುಹಾಕಬೇಕು.

ಬುರುಜಿನ ಬೀಗದ ಕೈ ಇಪ್ಪತ್ತೆರಡು ವರ್ಷದಿಂದ ಆಂಡ್ರೆಯಾಸ್ ಟೆಲ್‌ಮನ್ನನ ಸೊಂಟದಲ್ಲಿತ್ತು. ಭಾನುವಾರ ಬೆಳಿಗ್ಗೆ ಮೊದಲ ಗಂಟೆ ಬಾರಿಸಿದ ಮೇಲೆ ಬಾಗಿಲು ತೆರೆಯುವನು. ಮನೆಗೊಬ್ಬರಂತೆ ಚಾಕು ಹಿಡಿದು ಬಂದು, ತಮ್ಮ ಕೊಕ್ಕೆಯ ಖಂಡದಿಂದ ವಾರಕ್ಕೆ ಬೇಕಾದಷ್ಟು ಕೊಯ್ದುಕೊಳ್ಳುವರು. ಕೊಯ್ದ ಜಾಗಕ್ಕೆ ಆಂಡ್ರೆಯಾಸ್ ಕಬ್ಬಿಣದ ಮುದ್ರೆ ಒತ್ತುವನು, ಮುಂದಿನ ವಾರದೊಳಗೆ ಯಾರೂ ಕೈ ಹಾಕದಂತೆ. ಒಮ್ಮೆ ಬುಧವಾರ ಮನೆಗೆ ನೆಂಟರು ಬಂದರೆಂದು ಹೆಂಡತಿ ಸೋಫಿಯಾ ಚಾಕು ಹಿಡಿದು ಬಂದಳು. "ಭಾನುವಾರ ಬಾ" ಎಂದು ಕಳಿಸಿದ ಭೂಪ. ನೆಂಟರು ಹುರುಳಿಕಾಯಿ ತಿಂದು ಹೋದರು.

"ಇವನು ಸತ್ತು ಸ್ವರ್ಗದ ಬಾಗಿಲು ಕಾಯೋ ಕೆಲಸ ಸಿಕ್ತು ಅನ್ನು, ದೇವರು ಹೊರಗೆ ಹೋಗಿ ಬಂದ್ರೂ ‘ಭಾನುವಾರ ಬಾ’ ಅಂತಾನೆ" ಎಂದು ಪಕ್ಕದ ಮನೆಯ ಹಾನ್ಸ್ ಗುನೆಶ್ ದ್ರಾಕ್ಷಿತೋಟದಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದ. ಇಬ್ಬರೂ ಒಂದೇ ವರ್ಷ ಹುಟ್ಟಿದವರು, ಐವತ್ತು ದಾಟಿದವರು, ಚರ್ಚಿನಲ್ಲಿ ಒಂದೇ ಬೆಂಚಿನವರು.

ಆಂಡ್ರೆಯಾಸ್ ಊರಿನ ಯಜಮಾನನೂ ಹೌದು. ಊರಿಗೆ ಏನು ತಿಳಿಸಬೇಕಾದರೂ ಒಂದು ಮರದ ಹಲಗೆಯ ಮೇಲೆ ಚೀಟಿ ಸಿಕ್ಕಿಸಿ ಪಕ್ಕದ ಮನೆಗೆ ಕೊಡುವುದು, ಅವರು ಓದಿ ಅದರಾಚೆಯ ಮನೆಗೆ ಕೊಡುವುದು. ಹಲಗೆ ಯಾವ ಮನೆಯಲ್ಲೂ ನಿಲ್ಲಬಾರದು. ಹೆರಿಗೆ ನಡೆಯುತ್ತಿದ್ದ ಮನೆಯಿಂದಲೂ, ಹೆಣ ಮಲಗಿದ್ದ ಮನೆಯಿಂದಲೂ ಅದು ನಿಲ್ಲದೆ ಮುಂದೆ ಹೋಗಿತ್ತು.

೧೯೪೫ರ ಜನವರಿಗೆ, ಜರ್ಮನಿಯ ಮೇಲೆ ಯುದ್ಧ ಮಾಡುತ್ತಿದ್ದ ರಷ್ಯದ ಸೈನ್ಯ ಅಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು. ಹಾನ್ಸನ ಭಾವಮೈದುನ ರೈಲ್ವೆಯಲ್ಲಿದ್ದ. ಒಂದು ದಿನ ಅವನು ಹಾನ್ಸನ ಮನೆಗೆ ಬಂದ.

"ಸ್ಟೇಷನ್ನಿನಲ್ಲಿ ನಲವತ್ತು ದನದ ಡಬ್ಬಿ ನಿಲ್ಲಿಸಿದಾರೆ. ಒಳಗೆ ಹಲಗೆ ಹೊಡೀತಿದಾರೆ. ಒಂದೊಂದಕ್ಕೂ ಒಂದು ಒಲೆ."

"ದನಕ್ಕೆ ಒಲೆ ಯಾಕೋ?" ಎಂದ ಹಾನ್ಸ್.

"ನೆಲಕ್ಕೆ ಒಂದು ತೂತೂ ಕೊರೀತಿದಾರೆ, ಭಾವ. ಇಷ್ಟಗಲ." ಅವನು ಎರಡೂ ಕೈಯಿಂದ ಅಳತೆ ತೋರಿಸಿದ. ದನಕ್ಕೆ ಕಕ್ಕಸು ಬೇಕಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಪೊಲೀಸ್ ದಫೇದಾರ ರಷ್ಯದವರ ಹುಕುಂ ಹಿಡಿದು ಆಂಡ್ರೆಯಾಸನ ಮನೆಗೆ ಬಂದ. ಬೂಟಿನ ಹಿಮ ಒದರಿ, ಕುಳಿತು, ಬಹಳ ಮರ್ಯಾದೆಯಿಂದ ಮಾತಾಡಿದ.

"ನಿಮ್ಮ ಹಲಗೆ ಕಳಿಸಿ, ಯಜಮಾನ್ರೇ. ಹದಿನೇಳರಿಂದ ನಲವತ್ತೈದರ ಗಂಡಸರು, ಹದಿನೆಂಟರಿಂದ ಮೂವತ್ತರ ಹೆಂಗಸರು, ನಾಳೆ ಎಂಟಕ್ಕೆ ಚರ್ಚಿನ ಅಂಗಳಕ್ಕೆ ಬರಲಿ. ಹದಿನೈದು ದಿನದ ಊಟ, ಬೆಚ್ಚನೆ ಬಟ್ಟೆ ತರಲಿ. ಸ್ವಲ್ಪ ದಿನದ ಕೆಲಸ, ಅಷ್ಟೆ."

ಅವನು ಹೋದ ಮೇಲೆ ಸೋಫಿಯಾ ಒಲೆಯ ಬಾಗಿಲು ತೆಗೆದಳು. ಅವರ ಒಬ್ಬಳೇ ಮಗಳು ರೋಸೀನಾಗೆ ಹತ್ತೊಂಬತ್ತು.

"ಹಲಗೆ ಇದರೊಳಗೆ ಹಾಕಿ. ನಾನು ಹಿತ್ತಲಿಂದ ಹಿತ್ತಲಿಗೆ ಹೋಗಿ ಎಲ್ಲರಿಗೂ ಕಾಡು ಸೇರ್ಕೊಳ್ಳಿ ಅಂತ ಹೇಳಿ ಬರ್ತೀನಿ. ಕತ್ತಲಾಗೋಕೆ ಇನ್ನೂ ಮೂರು ತಾಸಿದೆ."

"ಯಜಮಾನನೇ ಹಲಗೆ ಸುಟ್ಟ ಅಂತಾಗಬೇಕಾ? ನಮ್ಮಪ್ಪ, ಅವರಪ್ಪ…"

"ಅವರಪ್ಪಂಗೆ ಈ ರೈಲು ಗೊತ್ತಿತ್ತೇನ್ರೀ?"

ಆಂಡ್ರೆಯಾಸ್ ಚೀಟಿ ಬರೆದ. ಅಕ್ಷರ ಎಂದಿನಂತೆ ದುಂಡಗೆ ಬಂದವು. ಗುನೆಶ್ ಮನೆಯ ಬಾಗಿಲಲ್ಲಿ ಹಲಗೆ ತೆಗೆದುಕೊಂಡವಳು ಹಾನ್ಸನ ಮಗಳು ಆಗ್ನೆಥಾ, ಹದಿನಾರರ ಹುಡುಗಿ. ಅಲ್ಲೇ ಓದಿ, "ಸದ್ಯ, ನನಗಿನ್ನೂ ವಯಸ್ಸಾಗಿಲ್ಲ ಮಾವ" ಎಂದು ಅದರಾಚೆಯ ಮನೆಗೆ ಓಡಿದಳು.

ಇಷ್ಟರ ಮೇಲೆ ಆಂಡ್ರೆಯಾಸ್ ಮಾಡಿದ ಕೆಲಸವನ್ನು ಬಾಯಿಬಿಟ್ಟು ಹೇಳಲೇಬೇಕು. ಊರ ಮಕ್ಕಳನ್ನೆಲ್ಲ ಕರೆಸಿದವನು, ಸಂಜೆ ಹಸುಗಳಿಗೆ ಹುಲ್ಲು ಹಾಕುವ ಹೊತ್ತಿಗೆ, ಸ್ವಂತ ಮಗಳನ್ನು ಹಿಂದಿನ ದಾರಿಯಿಂದ ಕರೆದೊಯ್ದು ಖಂಡದ ಬುರುಜಿನ ಮೇಲಟ್ಟಕ್ಕೆ ಹತ್ತಿಸಿದ. ಎರಡು ಕಂಬಳಿ, ಒಂದು ರೊಟ್ಟಿ. "ನಾನು ಕರೆಯೋ ತನಕ ಉಸಿರೆತ್ತಬೇಡ ಮಗಳೇ." ಬೀಗ ಹಾಕಿದ. ಇದ್ದದ್ದು ಒಂದೇ ಬೀಗದ ಕೈ. ನಾಚಿಕೆಗೇಡು ಎನ್ನಿ. ಅವನಿಗೂ ನಾಚಿಕೆಯಾಗಿತ್ತು.

ಬೆಳಿಗ್ಗೆ ಅಂಗಳ ತುಂಬಿತ್ತು. ಮಹಾದ್ವಾರದಲ್ಲಿ ಬಂದೂಕು ಹಿಡಿದವರು. ಜನ ಬಟ್ಟೆಗಂಟು ಹೊತ್ತು ಬಂದಿದ್ದರು, ಹೆಚ್ಚುಕಡಿಮೆ ಎಲ್ಲರೂ. ಹಲಗೆ ಕರೆದ ಮೇಲೆ ಬಾರದೆ ಇರುವ ಊರೇ ಅಲ್ಲ ಅದು. ಆಗ ತಾಯಂದಿರು ಚಾಕು, ಬುಟ್ಟಿ ಹಿಡಿದು ನೇರ ಬುರುಜಿನತ್ತ ಬಂದರು. ಆಂಡ್ರೆಯಾಸನಿಗೆ ಆಗ ಹೊಳೆಯಿತು. ಇವತ್ತು ಭಾನುವಾರ. ಹದಿನೈದು ದಿನದ ಊಟ ತರಲು ಹೇಳಿದೆ. ಊರಿನ ಖಂಡವೆಲ್ಲ ಈ ಬಾಗಿಲ ಹಿಂದೆ, ಮಗಳ ಜೊತೆ. ಇಪ್ಪತ್ತೆರಡು ವರ್ಷ ಭಾನುವಾರ ಮರೆಯದವನು ನಿನ್ನೆ ಒಂದು ದಿನ ಮರೆತಿದ್ದ.

"ತೆಗೆಯಪ್ಪ, ಮಕ್ಕಳು ಹೊರಡ್ತಿದಾವೆ" ಎಂದಳೊಬ್ಬಳು.

ಆಂಡ್ರೆಯಾಸ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ದಫೇದಾರರ ಅಪ್ಪಣೆ ಇಲ್ಲ."

"ಬರೀ ರೊಟ್ಟಿ ತಿಂದ್ಕೊಂಡು ಹೋಗ್ಬೇಕಾ ಆ ಚಳಿಗೆ? ನಮ್ಮದನ್ನ ನಾವು ಕೊಯ್ಕೊಳ್ಳೋಕೆ ಯಾರಪ್ಪನ ಅಪ್ಪಣೆ?"

"ಇಲ್ಲ ಅಂದ್ರೆ ಇಲ್ಲ ಕಣಮ್ಮ."

ಅಷ್ಟರಲ್ಲಿ ಹೆಸರು ಕೂಗತೊಡಗಿದರು. ರೋಸೀನಾ ಟೆಲ್‌ಮನ್ ಎಂದಾಗ ಯಾರೂ ಓಗೊಡಲಿಲ್ಲ.

"ಪಟ್ಟಣದಲ್ಲಿ, ಚಿಕ್ಕಮ್ಮನ ಮನೇಲಿದಾಳೆ" ಎಂದ ಆಂಡ್ರೆಯಾಸ್. "ಹೋಗಿ ಹತ್ತು ದಿನ ಆಯ್ತು."

ದಫೇದಾರ ರೇಗಲಿಲ್ಲ. ಪೆನ್ಸಿಲ್ ಮೊನೆಯಿಂದ ತಲೆ ಎಣಿಸಿದ. "ಹೆಸರಿನ ಹಟ ನನಗಿಲ್ಲ ಯಜಮಾನ್ರೇ. ಎಂಬತ್ತೊಂದು ಬೇಕು, ಎಂಬತ್ತಿದೆ." ಸುತ್ತ ನೋಡಿದ. ಸಾಲಿನಲ್ಲಿದ್ದ ತನ್ನ ಅಣ್ಣನಿಗೆ ಕೈಚೀಲ ಕೊಡಲು ಬಂದಿದ್ದ ಆಗ್ನೆಥಾಳ ತೋಳು ಹಿಡಿದು ಸಾಲಿಗೆ ನಿಲ್ಲಿಸಿದ.

"ಅವಳಿಗೆ ಹದಿನಾರು ಸ್ವಾಮಿ" ಎಂದು ತಾಯಿ ಅವನ ಕಾಲು ಹಿಡಿದಳು.

"ಎತ್ತರ ಇದಾಳೆ" ಎಂದ ದಫೇದಾರ.

ಹಾನ್ಸ್ ತಿರುಗಿ ಆಂಡ್ರೆಯಾಸನನ್ನು ನೋಡಿದ. ನಿನ್ನೆ ಬೆಳಿಗ್ಗೆ ತಾನೆ ರೋಸೀನಾ ಬಾವಿಕಟ್ಟೆಯ ಹತ್ತಿರ ಆಗ್ನೆಥಾಳೊಂದಿಗೆ ಹರಟಿದ್ದು ಹಾನ್ಸನಿಗೆ ಗೊತ್ತಿತ್ತು. ಬುರುಜಿನ ಬಾಗಿಲು ಏಕೆ ತೆರೆಯುತ್ತಿಲ್ಲವೆಂಬುದೂ ಆ ಕ್ಷಣ ತಿಳಿಯಿತು. ಒಂದು ಮಾತು ಹೇಳಿದ್ದರೆ ಅವನ ಮಗಳು ಉಳಿಯುತ್ತಿದ್ದಳು ಎಂದೇ ಅಂಗಳದಲ್ಲಿ ಯಾರಾದರೂ ಅಂದುಕೊಳ್ಳುವಂತಿತ್ತು. ಹಾನ್ಸ್ ಆ ಮಾತು ಆಡಲಿಲ್ಲ. ತುಟಿ ಕಚ್ಚಿಕೊಂಡು, ಬಾಗಿಲಿಂದ ಕಣ್ಣು ತೆಗೆದು ನೆಲ ನೋಡಿದ. ಬೈದಿದ್ದರೆ, ಬೆರಳು ಮಾಡಿ ತೋರಿಸಿದ್ದರೆ ಆಂಡ್ರೆಯಾಸ್ ತಡೆದುಕೊಳ್ಳುತ್ತಿದ್ದನೋ ಏನೋ. ಈ ಮೌನವನ್ನು ತಡೆಯುವುದು ಅವನ ಕೈಯಲ್ಲಿ ಆಗಲಿಲ್ಲ.

ಸೋಫಿಯಾ ಅವನ ತೋಳು ಹಿಡಿದು, "ಬೇಡ ರೀ" ಎಂದಳು. ಅವನು ಬೀಗ ತೆಗೆದ.

"ರೋಸೀನಾ" ಎಂದು ಮೇಲಕ್ಕೆ ಕರೆದ. "ಇಳಿದು ಬಾ ಮಗಳೇ."

ಅವಳು ಏಣಿ ಇಳಿದು ಬಂದಳು. ಬೆಳಕಿಗೆ ಕಣ್ಣು ಕಿರಿದು ಮಾಡಿ ಅಂಗಳ ನೋಡಿ, ಮೆಟ್ಟಿಲಲ್ಲೇ ನಿಂತಳು. ಸಿಪಾಯಿಯೊಬ್ಬ ಅವಳನ್ನು ಸಾಲಿಗೆ ಸೇರಿಸಿದ.

"ನನ್ನ ಮಗಳು ಬಂದಳಲ್ಲ, ಆ ಮಗೂನ ಬಿಡಿ" ಎಂದ ಆಂಡ್ರೆಯಾಸ್.

ದಫೇದಾರ ಎಂಬತ್ತೊಂದನ್ನು ಹೊಡೆದುಹಾಕಿ ಎಂಬತ್ತೆರಡು ಬರೆದ. "ಪಕ್ಕದೂರಲ್ಲಿ ಒಬ್ಬರು ಕಡಿಮೆ ಬಿದ್ದಿದ್ರು. ಒಳ್ಳೇದಾಯ್ತು."

ಲಾರಿಗಳು ಹೊರಟವು, ಇಬ್ಬರು ಹುಡುಗಿಯರೂ ಒಂದೇ ಲಾರಿಯಲ್ಲಿ. ಬುರುಜಿನೊಳಗೆ ನುಗ್ಗಿದ ತಾಯಂದಿರು ಕೈಗೆ ಸಿಕ್ಕ ಖಂಡ ಕೊಯ್ದುಕೊಂಡು ಓಡಿದರು. ಕೆಲವರಿಗೆ ಲಾರಿ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ.

ಆಗ್ನೆಥಾ ರಷ್ಯದ ಕಲ್ಲಿದ್ದಲು ಗಣಿಯಿಂದ ತಿರುಗಿ ಬಂದದ್ದು ೧೯೪೯ರ ಶರತ್ಕಾಲದಲ್ಲಿ. ಮಾರನೆಯ ದಿನವೇ ಆಂಡ್ರೆಯಾಸನ ಮನೆಗೆ ಬಂದಳು. ರೋಸೀನಾ ಎರಡನೆಯ ಚಳಿಗಾಲದಲ್ಲಿ ಸತ್ತ ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತು. ಸೋಫಿಯಾ ಅಡುಗೆಮನೆಯಿಂದ ಹೊರಬರಲಿಲ್ಲ.

ಆಂಡ್ರೆಯಾಸ್ ಅವಳನ್ನು ಕೂರಿಸಿ ಕೇಳಿದ: "ನನ್ನ ಬೈತಿದ್ದಳಾ?"

"ಇಲ್ಲ ಮಾವ. ಒಂದು ಸಲವೂ ಇಲ್ಲ."

"ಏನೂ ಅನ್ನಲಿಲ್ವಾ?"

ಆಗ್ನೆಥಾ ಅಡುಗೆಮನೆಯ ಬಾಗಿಲತ್ತ ನೋಡಿದಳು. ಮತ್ತೆ ಹೇಳಿದಳು: "ಆವತ್ತು ಬುರುಜಲ್ಲಿ ಕೂತಿದ್ದಾಗ ಕೆಳಗೆ ಗಲಾಟೆ ಕೇಳ್ತಿತ್ತಂತೆ, ಭಯ ಆಗ್ತಿತ್ತಂತೆ. ಸಿಪಾಯಿ ಕೂಗಿದ್ರೆ ಇಳೀತಾನೇ ಇರ್ಲಿಲ್ಲ ಅನ್ನೋಳು. ಅಪ್ಪನ ದನಿ ಕೇಳ್ತಲ್ಲ, ಎಲ್ಲಾ ಮುಗೀತು, ಮನೆಗೆ ಕರೀತಿದಾರೆ ಅಂದ್ಕೊಂಡೆ, ಅನ್ನೋಳು."